ಕಾಲು ತೊಳೆದ ನೀರು

ಚಿನ್ನದ ಮೇಲೆ ಸರ್ಕಾರದ ಕಣ್ಣಿದ್ದ ಕಾಲ. ಅದರ ಬಗ್ಗೆ ಪಾಠ ಮಾಡಲು ಮಾತ್ರ ಅಡ್ಡಿಯಿರಲಿಲ್ಲ. ಆಂಟಾಪ್ ಹಿಲ್‌ನ ನನ್ನ ಶಾಲೆಯ ಮಕ್ಕಳನ್ನು ಗ್ರಾಂಟ್ ರೋಡ್‌ನ ಒಡವೆ ಕಾರ್ಖಾನೆಯೊಂದಕ್ಕೆ ಕರೆದುಕೊಂಡು ಹೋಗಿದ್ದೆ. ಬಾಗಿಲಲ್ಲೇ ಚಪ್ಪಲಿ ಬಿಡಿಸಿದರು. ಮಕ್ಕಳು ಕುಡಿಯಲು ನೀರು ಕೇಳಿದರೆ ಸೇಠ್ ಕೇಳಿಸದವನಂತೆ ಕೂತಿದ್ದ. ಹೊರಡುವಾಗ ಮಾತ್ರ ತಾನೇ ಎದ್ದು ಬಂದು, ಒಬ್ಬೊಬ್ಬರನ್ನೇ ಪರಾತವೆಂಬ ದೊಡ್ಡ ಅಗಲ ತಟ್ಟೆಯಲ್ಲಿ ನಿಲ್ಲಿಸಿ, ಆಳಿನ ಕೈಯಲ್ಲಿ ಕಾಲು ತೊಳೆಸಿದ.

"ನಮಗ ಎಷ್ಟು ಇಜ್ಜತ್ ಕೊಟ್ಟಾರ ನೋಡ್ರಿ ಟೀಚರ್!" ಎಂದು ಮುಮ್ತಾಜ್ ಕುಣಿದಳು.

ನೆಲದ ಮೇಲಿನ ಚಿನ್ನದ ಪುಡಿ ಅಂಗಾಲಿಗೆ ಅಂಟುತ್ತದೆ, ಅದು ಭಾರ, ನೀರಿನಲ್ಲಿ ಕರಗದೆ ತಳಕ್ಕಿಳಿಯುತ್ತದೆ ಎಂಬುದೇ ಅಂದಿನ ಪಾಠವಾಗಬೇಕಿತ್ತು. ನಾನು ಮಕ್ಕಳಿಗೆ ಚಪ್ಪಲಿ ಹಾಕಿಸಿ ಸಾಲಾಗಿ ನಿಲ್ಲಿಸಿದೆ.

ಕುಡಿಯಲು ಒಂದು ಲೋಟ ನೀರು ಕೊಡದ ಆ ಸೇಠ್, ನಮ್ಮ ಮಕ್ಕಳ ಕಾಲು ತೊಳೆದ ನೀರನ್ನು ಮಾತ್ರ ಒಂದು ಹನಿಯೂ ಚೆಲ್ಲದಂತೆ, ತೀರ್ಥದ ಹಾಗೆ ಒಳಗೆ ಒಯ್ದ.