ಲೈಲ್ ಪೆಂಗಿಲಿ ಬರೆದ ಒಂದು ತಪ್ಪು ವರದಿ

ನನ್ನ ತಮ್ಮ ಲೈಲ್ ಪೆಂಗಿಲಿಗೆ ಈಗ ಅರವತ್ತನಾಲ್ಕು ವರ್ಷ. ಕಾರಿಂಗಲ್‌ನಲ್ಲಿ ಶಾಲೆಯ ಬಸ್ಸು ಓಡಿಸುತ್ತಾನೆ, ನಡುವಿನ ಹೊತ್ತಿನಲ್ಲಿ ಫುಟ್‌ಬಾಲ್ ಮೈದಾನದ ಹುಲ್ಲು ಕತ್ತರಿಸುತ್ತಾನೆ. ಇಲ್ಲಿ ಫುಟ್‌ಬಾಲ್ ಎಂದರೆ ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲೂ ಹಿಡಿದು ಆಡುವ ಆಸ್ಟ್ರೇಲಿಯಾದ ಆಟ. ಆದರೆ ಊರಿನವರಿಗೆ ಅವನ ಮೇಲೆ ಇದ್ದ ಗೌರವ ಇವೆರಡರಿಂದ ಬಂದದ್ದಲ್ಲ. ಇಪ್ಪತ್ತೆರಡು ವರ್ಷ ಅವನು ಮೆಲ್ಬರ್ನ್‌ನ ಒಂದು ದೊಡ್ಡ ಕ್ಲಬ್ಬಿಗೆ ಈ ಸೀಮೆಯ ಕಣ್ಣಾಗಿದ್ದ. ಯಾವ ಹುಡುಗ ಆಡಬಲ್ಲ, ಯಾವನು ಆಡಲಾರ ಎಂದು ನೋಡಿ ನಾಲ್ಕು ಸಾಲಿನ ವರದಿ ಕಳಿಸುತ್ತಿದ್ದ. ಅವನ ವರದಿ ಒಮ್ಮೆಯೂ ಸುಳ್ಳಾಗಿರಲಿಲ್ಲ. ಮೆಚ್ಚುಗೆಯ ಮಾತು ಅವನ ಬಾಯಿಂದ ಬರುವುದು ಅಪರೂಪ. "ಪರವಾಗಿಲ್ಲ" ಎಂದರೆ ಆ ಹುಡುಗನ ತಾಯಿ ಊರಿಗೆಲ್ಲ ಕೇಕ್ ಹಂಚುವಷ್ಟು ಅದಕ್ಕೆ ಬೆಲೆಯಿತ್ತು.

ಅವನ ವಿಧಾನ ಸರಳ. ಆಟ ನೋಡುವವರೆಲ್ಲ ಚೆಂಡನ್ನು ನೋಡುತ್ತಾರೆ. ಲೈಲ್ ಚೆಂಡು ಹೋದ ಮೇಲೆ ಹುಡುಗನನ್ನು ನೋಡುತ್ತಿದ್ದ. ಯಾವ ಭುಜ ತಗ್ಗಿತು, ಯಾವ ಕಾಲಿನ ಮೇಲೆ ಇಳಿದ, ಬಿದ್ದ ಮೇಲೆ ಎಷ್ಟು ಬೇಗ ಎದ್ದ. ನಾನು ವಿಶ್ವವಿದ್ಯಾಲಯದಿಂದ ನಿವೃತ್ತಳಾಗಿ ಊರಿಗೆ ಮರಳಿದ ಮೇಲೆ ಅವನ ಜೊತೆ ಕಾರಿನಲ್ಲಿ ಕೂತು ಪಟ್ಟಿ ಬರೆಯುವ ಕೆಲಸ ನನ್ನದಾಯಿತು. ಅವನು ಹೇಳುತ್ತಾನೆ, ನಾನು ಬರೆಯುತ್ತೇನೆ. ಮೂವತ್ತೈದು ವರ್ಷ ಪ್ರಾಣಿಶಾಸ್ತ್ರ ಕಲಿಸಿದವಳಿಗೆ ಅದು ಅಪರಿಚಿತ ಕೆಲಸವೇನಲ್ಲ.

ಲೈಲ್ ಕೂಡ ಹತ್ತೊಂಬತ್ತರ ವಯಸ್ಸಿನಲ್ಲಿ ಅದೇ ಕ್ಲಬ್ಬಿಗೆ ಹೋದವನು. ಬೆನ್ನ ಮೇಲೆ ನಲವತ್ತೊಂದನೇ ನಂಬರು. ಈ ಆಟದ ಕಾಲ ಚಳಿಗಾಲ; ಎರಡು ಚಳಿಗಾಲ ಎರಡನೇ ತಂಡದಲ್ಲಿ ಆಡಿದ. ಮೊದಲ ತಂಡಕ್ಕೆ ಕರೆ ಬರಲೇ ಇಲ್ಲ. ಆ ಕ್ಲಬ್ಬಿನಲ್ಲಿ ಒಂದು ಪದ್ಧತಿಯಿದೆ. ಪ್ರತಿ ನಂಬರಿಗೂ ಒಂದು ಬಟ್ಟೆಯ ಕಪಾಟು. ಆ ನಂಬರು ತೊಟ್ಟು ಮೊದಲ ತಂಡದಲ್ಲಿ ಒಂದಾದರೂ ಪಂದ್ಯ ಆಡಿದವರ ಹೆಸರು ಅದರ ಬಾಗಿಲ ಮೇಲೆ ಬಣ್ಣದಲ್ಲಿ ಇರುತ್ತದೆ. ಲೈಲ್‌ನ ಹೆಸರು ಅಲ್ಲಿಲ್ಲ. ಊರಿಗೆ ಬಂದು ಹದಿನೇಳು ವರ್ಷ ಆಡಿದ, ಮೂರು ಪದಕ ಗೆದ್ದ. ಆ ಪದಕಗಳು ಸ್ಕ್ರೂಡ್ರೈವರ್‌ಗಳ ಡಬ್ಬಿಯಲ್ಲಿವೆ.

ಕಳೆದ ನವೆಂಬರಿನಲ್ಲಿ, ಕ್ಲಬ್ಬುಗಳು ಸರದಿಯ ಪ್ರಕಾರ ಹೊಸ ಹುಡುಗರನ್ನು ಆರಿಸಿಕೊಳ್ಳುವ ರಾತ್ರಿ, ಆ ಕ್ಲಬ್ಬು ನಮ್ಮೂರಿನ ಟೋಬಿ ನೋಸ್ಕೆಯನ್ನು ಆರಿಸಿತು. ಗೋಧಿ ಬೆಳೆಯುವ ನೋಸ್ಕೆ ಮನೆತನದ ಹುಡುಗ. ಹನ್ನೆರಡರ ವಯಸ್ಸಿಗೇ ದೂರದ ಜಿಲಾಂಗ್‌ನ ವಸತಿ ಶಾಲೆಗೆ ಹೋದವನಾದ್ದರಿಂದ ಲೈಲ್ ಅವನ ಆಟ ನೋಡಿಯೇ ಇರಲಿಲ್ಲ. ಯಾರೂ ಲೈಲ್‌ನ ಅಭಿಪ್ರಾಯ ಕೇಳಿಯೂ ಇರಲಿಲ್ಲ. ಆ ವಾರದ ಪತ್ರಿಕೆಯ ಮುಖಪುಟದಲ್ಲಿ ಟೋಬಿಯ ಚಿತ್ರ ಬಂತು. ಲೈಲ್ ಮೊದಲ ಸಾಲು ಓದಿ ಪತ್ರಿಕೆ ಮಡಚಿಟ್ಟ.

"ನಲವತ್ತೊಂದು ಕೊಟ್ಟಿದಾರೆ ಅವನಿಗೆ," ಎಂದ.

"ಯಾರಿಗಾದ್ರೂ ಕೊಡಲೇಬೇಕಲ್ಲ."

"ಬೇರೆ ನಂಬರ್ ಇರ್ಲಿಲ್ವಾ?"

ಅರವತ್ತನಾಲ್ಕರ ಗಂಡಸು ಒಂದು ಅಂಕಿಗಾಗಿ ಹದಿನೆಂಟರ ಹುಡುಗನ ಮೇಲೆ ಉರಿದುಕೊಳ್ಳುವುದನ್ನು ನಾನು ನೋಡಿರಲಿಲ್ಲ. ಆಮೇಲೆ ಎರಡು ತಿಂಗಳು ದಿನವೂ ನೋಡಿದೆ. ಬೇಕರಿಯವಳು "ನಮ್ ಟೋಬಿ" ಎಂದರೆ ಬ್ರೆಡ್ಡು ತೆಗೆದುಕೊಳ್ಳದೆ ಬರುತ್ತಿದ್ದ. ಹುಡುಗನ ಹೊಸ ಬೂಟು ಬಹಳ ಬಿಳಿ ಎಂದ. ಅವನ ಕೂದಲು ಆಡುವವನ ಕೂದಲಲ್ಲ ಎಂದ. ಅವನ ಅಜ್ಜನೂ ಮೈದಾನದಲ್ಲಿ ಸೋಮಾರಿಯಾಗಿದ್ದ ಎಂದು ಸತ್ತವನನ್ನೂ ಎಳೆದು ತಂದ.

ಜನವರಿಯಲ್ಲಿ, ಇಲ್ಲಿನ ನಡುಬೇಸಿಗೆಯಲ್ಲಿ, ಟೋಬಿ ಕ್ರಿಸ್‌ಮಸ್ ರಜೆಗೆ ಮನೆಯಲ್ಲಿದ್ದಾಗ, ಕ್ಲಬ್ಬಿನ ಬ್ರೆಂಡನ್ ಫೋನ್ ಮಾಡಿದ. ಆಟಗಾರರನ್ನು ಆರಿಸುವ ಉಸ್ತುವಾರಿ ಅವನದು. ಮೊದಲ ತಂಡದಲ್ಲಿ ಒಬ್ಬನಿಗೆ ಮೊಣಕಾಲು ಮುರಿದಿದೆ, ಆ ಜಾಗಕ್ಕೆ ಟೋಬಿಯನ್ನು ಈಗಲೇ ಹಾಕಬಹುದೇ, ಅಥವಾ ಒಂದು ವರ್ಷ ಎರಡನೇ ತಂಡದಲ್ಲಿ ಇಡಬೇಕೇ? ರಜೆಯಲ್ಲಿ ಹುಡುಗ ಹೇಗಿದ್ದಾನೆ ನೋಡಿ ಹೇಳು. ಸೋಮವಾರ ಮಧ್ಯಾಹ್ನ ತೀರ್ಮಾನ ಎಂದ.

ಶನಿವಾರ ಬೆಳಿಗ್ಗೆ ಏಳಕ್ಕೆ, ಬಿಸಿಲೇರುವ ಮೊದಲು, ಊರಿನ ಹುಡುಗರು ತಮ್ಮತಮ್ಮಲ್ಲೇ ಒಂದು ಪಂದ್ಯ ಆಡಿದರು. ಬೇಲಿಯ ಸುತ್ತ ಹತ್ತು ಹನ್ನೆರಡು ಕಾರು. ಮರುಭೂಮಿಯ ಬಿಸಿ ಹೊತ್ತು ತರುವ ಬಡಗಣ ಗಾಳಿ ಆಗಲೇ ಬೀಸುತ್ತಿತ್ತು, ನೊಣಗಳು ಮುಖ ಬಿಡುತ್ತಿರಲಿಲ್ಲ. ನಾನು ಪಟ್ಟಿ ಹಿಡಿದು ಕೂತೆ.

"ಒದೆತ, ಬಲಗಾಲು, ಗಿಡ್ಡ," ಎಂದ ಲೈಲ್. ಬರೆದೆ.

"ಬಲಗಾಲು. ಮತ್ತೆ ಗಿಡ್ಡ." ಧ್ವನಿಯಲ್ಲಿ ರುಚಿಯಿತ್ತು. "ನಲವತ್ತು ಮೀಟರ್ ದಾಟಲ್ಲ ನೋಡು. ಇವನನ್ನ ಒದೆತಕ್ಕೋಸ್ಕರ ಆರಿಸಿದ್ರಂತೆ!"

ಟೋಬಿ ಚೆಂಡು ಒದ್ದಾಗಲೆಲ್ಲ ಲೈಲ್‌ನ ತಲೆ ಚೆಂಡಿನ ಜೊತೆ ತಿರುಗುತ್ತಿತ್ತು; ಅದು ಗುರಿಗಿಂತ ಎಷ್ಟು ಹಿಂದೆ ಬೀಳುತ್ತದೆ ಎಂದು ಕಾಯುತ್ತಿತ್ತು. ಇದು ಅವನ ಪದ್ಧತಿಯಲ್ಲ ಎಂದು ನನಗೆ ಹೊಳೆಯಬೇಕಿತ್ತು, ಹೊಳೆಯಲಿಲ್ಲ. ಪಂದ್ಯ ಮುಗಿದಾಗ ಪಟ್ಟಿಯಲ್ಲಿ ಬಲಗಾಲಿನ ಒದೆತ ಹದಿನಾಲ್ಕು, ಎಡಗಾಲಿನದು ಮೂರು. ಕಾರಿನಲ್ಲೇ ಕೂತು ಅವನು ಫೋನಿನಲ್ಲಿ ವರದಿ ಒತ್ತಿದ: "ಓಟ ಚೆನ್ನಾಗಿದೆ. ಒದೆತ ಗಿಡ್ಡ, ಗುರಿ ಸಾಧಾರಣ. ರಜೆಯಲ್ಲಿ ಅಭ್ಯಾಸ ಬಿಟ್ಟಿದ್ದಾನೆ. ಒಂದು ವರ್ಷ ಎರಡನೇ ತಂಡದಲ್ಲಿರಲಿ." ಕಳಿಸಿ, ಬಟ್ಟೆ ಬದಲಿಸುವ ಕೋಣೆಗೆ ಬೀಗ ಹಾಕಲು ಹೋದ.

ಆಗ ಟೋಬಿ ಕಾರಿನ ಕಿಟಕಿಯ ಹತ್ತಿರ ಬಂದ. ಕೈಯಲ್ಲಿ ಬ್ರೆಡ್ಡಿನೊಳಗೆ ಸುತ್ತಿದ ಸಾಸೇಜು, ಗಲ್ಲದ ಮೇಲೆ ಸಾಸು.

"ಪೆಂಗಿಲಿ ಮೇಡಂ, ಲೈಲ್ ಅಂಕಲ್ ಇಲ್ವಾ? ಅವರೂ ನಲವತ್ತೊಂದು ಹಾಕ್ಕೊಂಡಿದ್ರಂತೆ. ಹೇಗಿತ್ತು ಅಂತ ಕೇಳೋಣಾಂತ."

"ಈಗ ಕೇಳೋದು ಬೇಡ. ಇವತ್ತು ನಿನ್ನ ಒದೆತ ಏನೂ ಚೆನ್ನಾಗಿರ್ಲಿಲ್ಲ."

ಅವನು ನಕ್ಕ. "ಗೊತ್ತು ಮೇಡಂ. ಒದೆತ ಕಲಿಸೋ ಕೋಚ್ ಇದಾರಲ್ಲ, ರಜೆ ಮುಗಿಯೋವರೆಗೂ ಎಡಗಾಲು ಮುಟ್ಲೇಬೇಡ, ಬರೀ ಬಲಗಾಲಲ್ಲೇ ಒದಿ ಅಂದಿದಾರೆ. ಮೂರು ಸಲ ಮರೆತೇ ಹೋಯ್ತು. ಅವರಿಗೆ ಹೇಳ್ಬೇಡಿ."

ಹುಡುಗ ಹುಟ್ಟಾ ಎಡಗಾಲಿನವನು. ಲೈಲ್ ಬೆಳಗಿನಿಂದ ಅಳೆದದ್ದು ಅವನ ಬಾರದ ಕಾಲನ್ನು. ಬಾರದ ಕಾಲಿನಲ್ಲಿ ನಲವತ್ತು ಮೀಟರು ಒದೆಯುವವನನ್ನು ಈ ಜಿಲ್ಲೆ ಕಂಡಿರಲಿಲ್ಲ.

ಲೈಲ್ ಬಂದ ಕೂಡಲೇ ಹೇಳಿದೆ. ಅವನು ಪಟ್ಟಿ ಕಿತ್ತುಕೊಂಡು ನೋಡಿದ. ಆಮೇಲೆ ಮೈದಾನದ ಆಚೆ ನೋಡಿ ಕೂಗಿದ: "ಏಯ್ ನೋಸ್ಕೆ! ಬಾ ಇಲ್ಲಿ. ಎಡಗಾಲಲ್ಲಿ ಒಂದು ಒದಿ."

"ಕೋಚ್ ಬೇಡ ಅಂದಿದಾರೆ ಅಂಕಲ್."

"ನಿನ್ನ ಕೋಚ್ ಇಲ್ಲಿ ಬಂದು ನನ್ನ ಹುಲ್ಲು ಕತ್ತರಿಸ್ತಾನಾ? ಒದಿ ಮಾರಾಯಾ!"

ಟೋಬಿ ಸಾಸೇಜನ್ನು ಬಾಯಲ್ಲಿ ಕಚ್ಚಿಕೊಂಡೇ ಒದ್ದ. ಚೆಂಡು ಗೋಲಿನ ನಾಲ್ಕು ಕಂಬಗಳಲ್ಲಿ ನಡುವಿನ ಎರಡರ ಮೇಲಿಂದ ಹಾದು, ಬೇಲಿ ದಾಟಿ, ಗೋಧಿ ಉಗ್ರಾಣದ ಅಂಗಳದಲ್ಲಿ ಬಿತ್ತು. ಈ ಸಲ ಲೈಲ್ ಚೆಂಡನ್ನು ನೋಡಲಿಲ್ಲ. ಹುಡುಗನನ್ನು ನೋಡಿದ. ನೋಡಿ ಕಾರು ಹತ್ತಿದ.

ಮನೆಗೆ ಬಂದು ನಾನು ನವೆಂಬರಿನ ಪತ್ರಿಕೆ ಹುಡುಕಿದೆ. ಸೌದೆ ಬುಟ್ಟಿಯಲ್ಲಿತ್ತು. ಎರಡನೇ ಸಾಲಿನಲ್ಲೇ ಬರೆದಿತ್ತು: ಎಡಗಾಲಿನ ಆಟಗಾರ. ಮೊದಲ ಸಾಲಿನಲ್ಲಿ ನಂಬರು ಕಂಡದ್ದೇ ಅವನು ಮಡಚಿಟ್ಟಿದ್ದ. ನಾನಂತೂ ಆ ಪುಟ ತೆರೆದಿರಲೇ ಇಲ್ಲ.

ಭಾನುವಾರ ಊಟದ ಹೊತ್ತಿಗೆ ಅವನು ಬಾಯಿಬಿಟ್ಟ. ಕುರಿಮಾಂಸ ತಣ್ಣಗಾಗಿತ್ತು.

"ಊರೂರಿಗೂ ಒಬ್ಬೊಬ್ಬ ಬೇಡ, ಕ್ಯಾಮೆರಾ ಸಾಕು ಅಂತ ಹೋದ ವರ್ಷವೇ ಹೇಳಿದ್ದ ಬ್ರೆಂಡನ್. ಎಲ್ಲರನ್ನೂ ತೆಗೆದ. ನನ್ನೊಬ್ಬನನ್ನ ಇಟ್ಕೊಂಡಿರೋದು ಒಂದು ಸಲನೂ ತಪ್ಪಿಲ್ಲ ಅನ್ನೋ ಕಾರಣಕ್ಕೆ."

"ಈಗ ತಪ್ಪಿದೀಯ."

"ಯಾರಿಗೆ ಗೊತ್ತಾಗುತ್ತೆ ಅಕ್ಕ? ಹುಡುಗನ ವಯಸ್ಸು ಹದಿನೆಂಟು. ಒಂದು ವರ್ಷ ಎರಡನೇ ತಂಡದಲ್ಲಿ ಆಡಿದ್ರೆ ಸತ್ತು ಹೋಗ್ತಾನಾ?"

"ಇಲ್ಲ. ನೀನು ಎರಡು ವರ್ಷ ಆಡಿದೆ. ಬದುಕಿದೀಯ."

ಅವನು ಫೋರ್ಕ್ ಕೆಳಗಿಟ್ಟ. "ನಿನ್ನ ನಾಲಿಗೆಗೆ ಕರುಣೆ ಅನ್ನೋದೇ ಇಲ್ಲ."

"ನಿನ್ನ ವರದಿಗೂ ಇರ್ಲಿಲ್ಲ. ಹಾಗಂತಾನೇ ಅದನ್ನ ಎಲ್ಲರೂ ನಂಬಿದ್ರು."

"ಆ ಹುಡುಗನಿಗೆ ಎಲ್ಲಾ ಇದೆ," ಎಂದ. "ಓಟ ಇದೆ, ಎತ್ತರ ಇದೆ, ಎರಡೆರಡು ಕಾಲಿದೆ. ನಾನು ಬಲಗಾಲೊಂದಕ್ಕೇ ಹತ್ತು ವರ್ಷ ಉಜ್ಜಿದೆ. ಅವನು ಸಾಸೇಜ್ ತಿಂತಾ ತಿಂತಾ ಒದೀತಾನೆ."

ನಾನು ತಟ್ಟೆಗಳನ್ನು ಎತ್ತಿದೆ. ಅವನು ಹೇಳಿದ್ದು ನಿಜ, ಸಮಾಧಾನ ಹೇಳಿದ್ದರೆ ಅದು ಸುಳ್ಳಾಗುತ್ತಿತ್ತು.

ಸೋಮವಾರ ಹತ್ತು ಗಂಟೆಯಾದರೂ ಅವನು ಫೋನ್ ಮುಟ್ಟಲಿಲ್ಲ. ಬಸ್ಸಿನ ಟೈರುಗಳ ಗಾಳಿ ನೋಡಿದ. ಶಾಲೆಗೆ ರಜೆ, ಬಸ್ಸು ಎಲ್ಲಿಗೂ ಹೋಗುವುದಿರಲಿಲ್ಲ. ಹನ್ನೊಂದೂವರೆಗೆ ಅಡುಗೆಮನೆಗೆ ಬಂದು ನಿಂತುಕೊಂಡೇ ಫೋನ್ ಮಾಡಿದ. ಬ್ರೆಂಡನ್‌ನ ಧ್ವನಿ ನನಗೂ ಕೇಳುವಷ್ಟು ಜೋರು.

"ಲೈಲ್! ಈಗ ತಾನೇ ನಿನ್ನ ವರದಿ ಮೇಜಿನ ಮೇಲಿಟ್ಕೊಂಡೆ ಗುರೂ. ಹುಡುಗ ಕೆಟ್ಟೋದ ಅಂತೀಯ?"

"ಆ ವರದಿ ಹರಿದು ಹಾಕು. ತಪ್ಪು."

"ಏನು?"

"ನಾನು ನೋಡಿದ್ದು ಅವನ ಬಲಗಾಲು. ಎಡಗಾಲು ಮುಟ್ಬೇಡ ಅಂತ ನಿಮ್ಮವರೇ ಹೇಳಿ ಕಳಿಸಿದಾರೆ. ನನಗದು ಕಾಣಲಿಲ್ಲ. ಎಡಗಾಲಲ್ಲಿ ಐವತ್ತೈದು ಮೀಟರ್, ಆರಾಮಾಗಿ. ಬಲಗಾಲು ನಿಮ್ಮ ಅರ್ಧ ತಂಡದ ಒಳ್ಳೇ ಕಾಲಿಗಿಂತ ಒಳ್ಳೇದು. ಮೊದಲ ತಂಡಕ್ಕೆ ಹಾಕು."

"ನಿನಗೆ ಕಾಣಲಿಲ್ವಾ? ನಿನಗೆ? ಕಣ್ಣಿಗೇನಾದ್ರೂ ಆಯ್ತಾ?"

"ಕಣ್ಣಿಗೇನೂ ಆಗಿಲ್ಲ. ಹೊಟ್ಟೆಕಿಚ್ಚು."

ಬ್ರೆಂಡನ್ ನಕ್ಕ. ಇದು ತಮಾಷೆ ಎಂದುಕೊಂಡ. ಆಮೇಲೆ ಧ್ವನಿ ಮೆದುವಾಯಿತು. ವಯಸ್ಸಾದವರ ಹತ್ತಿರ ಮಾತಾಡುವ ಧ್ವನಿ. "ಒಳ್ಳೇದಾಯ್ತು ಹೇಳಿದ್ದು. ಹುಡುಗನನ್ನ ಹಾಕ್ತೀನಿ. ಮತ್ತೆ ಲೈಲ್... ಇಪ್ಪತ್ತೆರಡು ವರ್ಷ ಆಯ್ತಲ್ಲ, ಬಿಸಿಲಲ್ಲಿ ಕಾರಲ್ಲಿ ಕೂತು ಕೂತು. ಈ ವರ್ಷದಿಂದ ನಿನಗೆ ತೊಂದರೆ ಕೊಡಲ್ಲ."

"ತೊಂದರೆ ಅಂತ ಯಾವಾಗ ಹೇಳ್ದೆ?" ಎಂದ ಲೈಲ್. ಆದರೆ ಅಷ್ಟರಲ್ಲಿ ಆ ಕಡೆ ಬೇರೆ ಯಾರೋ ಬ್ರೆಂಡನ್‌ನನ್ನು ಕರೆದಿದ್ದರು.

ಫೋನಿಟ್ಟು ಅವನು ಕುರ್ಚಿಯ ಮೇಲೆ ಕೂತ. ನಾನು ಚಹಾ ಸುರಿದೆ. ಈ ಒಂದು ಫೋನಿನಿಂದ ಅವನು ದೊಡ್ಡ ಮನುಷ್ಯನಾದ ಎಂದು ಬರೆಯುವವಳು ನಾನಲ್ಲ. ಹುಡುಗನ ಮೇಲಿನ ಉರಿ ಅವನ ಮುಖದಲ್ಲಿ ನವೆಂಬರಿನಲ್ಲಿ ಇದ್ದಷ್ಟೇ ಇತ್ತು.

"ಚೆಂಡು ಉಗ್ರಾಣದ ಅಂಗಳಕ್ಕೆ ಹೋಯ್ತು. ನೋಡಿದೆಯಲ್ಲ?" ಎಂದ.

"ನೋಡಿದೆ."

"ನಾನು ಜೀವಮಾನದಲ್ಲಿ ಅಷ್ಟು ದೂರ ಒದ್ದಿಲ್ಲ."

"ಗೊತ್ತು."

"ಗೊತ್ತು ಅಂತ ಅಷ್ಟು ಬೇಗ ಹೇಳ್ಬೇಕಿತ್ತಾ?" ಎಂದು ಸಕ್ಕರೆ ಡಬ್ಬಿಯನ್ನು ತನ್ನ ಕಡೆಗೆ ಎಳೆದುಕೊಂಡ.