ಮಳೆಮಾಪಕ ಮೂಸುವ ಮೇಷ್ಟ್ರು

ಹವಾಮಾನ ಕೇಂದ್ರಕ್ಕೆ ಹೊಸದಾಗಿ ಸೇರಿದವರಿಗೆ ಮೊದಲ ಪಾಠ ಹೇಳುವ ಮೇಷ್ಟ್ರಿಗೆ ಆಕಾಶದ ಮೇಲೆ ನಂಬಿಕೆಯಿಲ್ಲ, ಅದನ್ನು ಅಳೆಯುವವರ ಮೇಲಂತೂ ಮೊದಲೇ ಇಲ್ಲ. ಬೆಳಿಗ್ಗೆ ಮಳೆಮಾಪಕದ ನೀರನ್ನು ಅಳೆಯುವ ಮುಂಚೆ ಮೂಸಿ ನೋಡುತ್ತಾರೆ. ಅದರಲ್ಲಿ ಮಳೆಯದಲ್ಲದ್ದು ಬೆರೆಸುವವರೆಂದು ತೋಟದ ಮಾಲಿ, ಕಾಗೆ, ಬೀದಿನಾಯಿ ಈ ಮೂವರೂ ಅವರ ಕಣ್ಣಲ್ಲಿ ಆರೋಪಿಗಳು. ಮನೆಯಲ್ಲಿ ಹೆಂಡತಿಗೆ ಮೈ ಬಿಸಿಯಾದರೆ ಥರ್ಮಾಮೀಟರನ್ನು ಮೂರು ಸಲ ಕೊಡವಿ ಮತ್ತೆ ಮತ್ತೆ ಇಡುತ್ತಾರೆ. "ರೀ, ಜ್ವರ ಬಂದಿರೋದು ನನಗೆ, ಅದಕ್ಕಲ್ಲ," ಎಂದು ಆಕೆ ಗೊಣಗುತ್ತಾರೆ. ಪಾಠ ಮಾತ್ರ ಎಂದೂ ಬದಲಾಗಿಲ್ಲ: "ಇವತ್ತಿನ ಬಿಸಿಲು, ಮಳೆ ಎಲ್ಲಾ ಆಕಾಶದ ಆವತ್ತಿನ ಮೂಡ್. ಹವಾಗುಣ ಅನ್ನೋದು ಅದರ ಸ್ವಭಾವ. ಮೂವತ್ತು ವರ್ಷ ದಿನಾ ಬರೆದಿಟ್ರೆ ಸ್ವಭಾವ ಗೊತ್ತಾಗುತ್ತೆ. ಒಂದು ದಿನ ಸುಳ್ಳು ಬರೆದ್ರೂ ಅಷ್ಟೂ ವರ್ಷದ ಹಾಲಿಗೆ ಹುಳಿ ಹಿಂಡಿದ ಹಾಗೆ ಕಣ್ರಯ್ಯಾ!" ಆಮೇಲೆ ಪ್ರತಿಯೊಬ್ಬ ಹೊಸಬನ ಕೈಗೂ ಅಂಚು ಸವೆದ ಅದೇ ಹಳೆಯ ದಾಖಲೆ ಪುಸ್ತಕ ಕೊಡುತ್ತಾರೆ. "ಇದರಲ್ಲಿ ಒಂದು ಕಡೆ ಯಾರೋ ನೋಡದೇನೇ ಬರೆದಿದ್ದಾನೆ, ಹುಡುಕಿ. ಕಳ್ಳನ ಮನಸ್ಸು ಹುಳ್ಳುಳ್ಳಗೆ, ಗುರುತು ಬಿಟ್ಟೇ ಇರ್ತಾನೆ." ಹೊಸಬರು ಎರಡು ದಿನ ಪುಟ ತಿರುವಿ, "ಎಲ್ಲಾ ಸರಿಯಾಗಿದೆ ಸಾರ್," ಎಂದು ಹಿಂದಿರುಗಿಸುತ್ತಾರೆ. ಹಾಗೆಂದವರನ್ನು ಮೇಷ್ಟ್ರು ಜನ್ಮದಲ್ಲಿ ನಂಬುವುದಿಲ್ಲ. ಅದರ ನಡುವಿನ ಒಂದು ಪುಟದಲ್ಲಿ ನಾಲ್ಕು ದಿನಗಳ ಅಂಕಿಗಳು ಒಂದೇ ಶಾಯಿಯಲ್ಲಿ, ಒಂದೇ ಓಟದಲ್ಲಿವೆ. ಅಕ್ಷರ ಮೇಷ್ಟ್ರದ್ದೇ. ಜ್ವರದಲ್ಲಿ ಎಚ್ಚರ ತಪ್ಪಿದ್ದ ಹೆಂಡತಿಯ ಆಸ್ಪತ್ರೆ ಮಂಚದ ಪಕ್ಕದಿಂದ ಅವರು ಏಳದ ಆ ನಾಲ್ಕು ದಿನ ಹೊರಗೆ ಬಿಸಿಲಿತ್ತೋ ಮಳೆಯಿತ್ತೋ, ಅವರಿಗೆ ಇವತ್ತಿಗೂ ಗೊತ್ತಿಲ್ಲ.