ರೊಟ್ಟಿ ಮಾಸ್ತರರ ಮೈನಸ್ ಅರ್ಧ

ಗದಗಿನ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದ ಶಿವರುದ್ರಪ್ಪನವರಿಗೆ ಹುಡುಗರು ಇಟ್ಟಿದ್ದ ಹೆಸರು ರೊಟ್ಟಿ ಮಾಸ್ತರು. ಆ ಹೆಸರಿಗೆ ಕಾರಣ ಅವರ ಊಟವಲ್ಲ, ಘಾತಾಂಕ. ಸಂಖ್ಯೆಯ ತಲೆಯ ಮೇಲೆ ಚಿಕ್ಕದಾಗಿ ಕೂರುವ ಆ ಅಂಕಿಗೆ ಮೈನಸ್ ಅಂಟಿಕೊಂಡಿತೆಂದರೆ ಮಕ್ಕಳು ಕಂಗಾಲಾಗುತ್ತಿದ್ದರು. ಮೈನಸ್ಸನ್ನು ಎತ್ತಿ ಉತ್ತರದ ಮುಂದೆ ಬರೆದು ಕೈ ತೊಳೆದುಕೊಳ್ಳುತ್ತಿದ್ದರು. ಆಗ ಮಾಸ್ತರು ಅಂಗೈ ಚಾಚಿ, ಫಟ್ಟನೆ ತಿರುವಿ, "ಮೈನಸ್ ಕಂಡ್ರ ರೊಟ್ಟಿ ಹೊಳ್ಳಿಸಿ ಹಾಕ್ರೋ! ಮ್ಯಾಲಿಂದು ಕೆಳಗ, ಕೆಳಗಿಂದು ಮ್ಯಾಲ!" ಎಂದು ಕೂಗುತ್ತಿದ್ದರು. ಅರ್ಧ ಕಂಡರೆ ವರ್ಗಮೂಲ ತೆಗೆ, ಮೈನಸ್ ಕಂಡರೆ ತಿರುವಿ ಹಾಕು. ಹದಿನಾರರ ತಲೆಯ ಮೇಲೆ ಮೈನಸ್ ಅರ್ಧ ಇದ್ದರೆ ಮೊದಲು ನಾಲ್ಕು, ತಿರುವಿದರೆ ನಾಲ್ಕನೇ ಒಂದು. ಇಷ್ಟೇ ವಿದ್ಯೆ. ದಡ್ಡರೆಂದು ಹಿಂದಿನ ಬೆಂಚಿಗೆ ತಳ್ಳಿಸಿಕೊಂಡವರ ತಲೆಗೂ ಇದನ್ನು ಹತ್ತಿಸಿದ ಮನುಷ್ಯ ಅವರು.

ಹೆಂಡತಿ ದ್ಯಾಮವ್ವ ತೀರಿಕೊಂಡ ಮೇಲೆ ಮಗಳು ಆರತಿ ಅವರನ್ನು ಅಮೆರಿಕದ ಪ್ಲೆಸೆಂಟನ್ನಿನ ತನ್ನ ಮನೆಗೆ ಕರೆಸಿಕೊಂಡಳು. ಮೊದಮೊದಲು ಎಲ್ಲ ಚೆನ್ನಾಗಿಯೇ ಇತ್ತು. ಆಮೇಲೆ ಒಂದೊಂದೇ ಕೈಬಿಡುತ್ತ ಹೋಯಿತು. ವಾಕಿಂಗಿಗೆ ಹೋದವರು ಒಂದೇ ಬಣ್ಣದ, ಒಂದೇ ಥರದ ಗರಾಜಿನ ಮನೆಗಳ ನಡುವೆ ಮಗಳ ಮನೆ ಯಾವುದೆಂದು ತಿಳಿಯದೆ ನಿಂತುಬಿಟ್ಟರು. ಎದುರು ಮನೆಯವರು ಕೈಹಿಡಿದು ಕರೆತಂದರು. ಚಹಾಕ್ಕೆ ನೀರಿಟ್ಟು ಮರೆತರು. ಹೊಗೆಯ ಅಲಾರಂ ಬೀದಿಗೆಲ್ಲ ಕೇಳಿಸಿತು. ಒಬ್ಬರೇ ಹೊರಗೆ ಹೋಗುವುದು ನಿಂತಿತು, ಒಲೆಯ ಗುಂಡಿಗಳಿಗೆ ಮುಚ್ಚಳ ಬಂತು. ನೆನಪು ಪರೀಕ್ಷಿಸಲು ಡಾಕ್ಟರು ಗಡಿಯಾರದ ಚಿತ್ರ ಬರೆಯಲು ಹೇಳಿದಾಗ ಮುಳ್ಳುಗಳನ್ನು ಎಲ್ಲಿ ಕೂರಿಸಬೇಕೆಂದು ಮಾಸ್ತರಿಗೆ ತೋಚಲಿಲ್ಲ. ಸಿಟ್ಟು ಮಾತ್ರ ನೆತ್ತಿಗೇರಿತು.

"ಗಡಿಯಾರ ಹಾಳಾಗಿ ಹೋಗ್ಲಿ. ಒಂದು ಲೆಕ್ಕ ಕೊಡಂತ ಹೇಳವಾ ಅವ್ರಿಗೆ," ಎಂದರು ಮಗಳಿಗೆ. "ಗಣಿತ ಇರೂತನಕ ನಾ ಇರ್ತೀನಿ."

ಆರತಿ ಅದನ್ನು ಡಾಕ್ಟರಿಗೆ ಹೇಳಲಿಲ್ಲ. ಕಾರಿನಲ್ಲಿ ಕೂತು ಅತ್ತಳು.

ಹಾಗೆ ಮಾಸ್ತರಿಗೆ ಉಳಿದದ್ದು ಎಂಟನೆಯ ಕ್ಲಾಸಿನ ಮೊಮ್ಮಗಳು ತನ್ವಿ ಮತ್ತು ಅವಳ ಹೋಮ್‌ವರ್ಕು. ಸ್ಕೂಲಿನಿಂದ ಬಂದವಳು ಬ್ಯಾಗು ಬಿಸಾಕಿ ಅಜ್ಜನ ಪಕ್ಕ ಕೂರುತ್ತಿದ್ದಳು. ಅವರು ಕನ್ನಡದಲ್ಲಿ ಹೇಳುವುದು, ಇವಳು ಇಂಗ್ಲಿಷಿನಲ್ಲಿ ಉತ್ತರಿಸುವುದು. ರೊಟ್ಟಿ ಹೊಳ್ಳಿಸುವುದನ್ನು ಅವಳಿಗೂ ಕಲಿಸಿಯಾಗಿತ್ತು. ಮುಂದಿನ ವರ್ಷ ಮೇಲಿನ ಮಟ್ಟದ ಗಣಿತದ ಕ್ಲಾಸು ಸಿಗಬೇಕಾದರೆ ಈಗೊಂದು ಪರೀಕ್ಷೆ ಪಾಸಾಗಬೇಕು. ಅದರ ಮೇಲೆ ಹುಡುಗಿ ಜೀವವನ್ನೇ ಇಟ್ಟಿದ್ದಳು. ಟ್ಯೂಷನ್ ಸೆಂಟರಿಗೆ ಸೇರಿಸೋಣವೇ ಎಂದು ಆರತಿ ಕೇಳಿದ್ದಕ್ಕೆ ಮಾಸ್ತರರ ಮುಖ ಬಾಡಿತು.

"ನಾ ಮನ್ಯಾಗ ಇದ್ದಾಗ ಹೊರಗಿನ ಟ್ಯೂಷನ್ ಯಾಕ ಬೇಕವಾ?"

ಆರತಿ ಟ್ಯೂಷನ್ನಿನ ಮಾತು ಕೈಬಿಟ್ಟಳು. ಅಪ್ಪನಿಗೆ ಉಳಿದಿದ್ದ ಒಂದನ್ನೂ ಕಿತ್ತುಕೊಳ್ಳಲು ಅವಳಿಗೆ ಮನಸ್ಸು ಬರಲಿಲ್ಲ. ಬರಬೇಕಿತ್ತು.

ಪರೀಕ್ಷೆಯ ಹಿಂದಿನ ದಿನ ತನ್ವಿ ಹದಿನಾರರ ಮೈನಸ್ ಅರ್ಧ ಘಾತವನ್ನು ನಾಲ್ಕನೇ ಒಂದು ಎಂದು ಬರೆದಳು. ಮಾಸ್ತರು ತಲೆ ಅಲ್ಲಾಡಿಸಿದರು.

"ತಪ್ಪು. ಮೈನಸ್ ಎಲ್ಲಿ ಹೋತು? ಮೈನಸ್ ನಾಲ್ಕು ಅಂತ ಬರಿ."

"ಬಟ್ ಅಜ್ಜಾ, ರೊಟ್ಟಿ? ಫ್ಲಿಪ್ ಮಾಡ್ಬೇಕಲ್ಲಾ?"

"ಎಂಥಾ ರೊಟ್ಟಿ? ಗಣಿತದಾಗ ರೊಟ್ಟಿ ಎಲ್ಲಿಂದ ಬಂತು?" ಎಂದು ಮಾಸ್ತರು ಗದರಿದರು. "ಎಲ್ಲಾ ಹಿಂಗ ಮಾಡು. ಮೈನಸ್ ಮುಂದ ಬರಬೇಕು."

ತನ್ವಿ ಅಜ್ಜನ ಮುಖವನ್ನೊಮ್ಮೆ ನೋಡಿದಳು. ರೊಟ್ಟಿಯ ಮಾತು ಹೇಳಿಕೊಟ್ಟವರೇ ಈಗ ಅದು ಸುಳ್ಳೆನ್ನುತ್ತಿದ್ದಾರೆ. ಅಜ್ಜ ತಪ್ಪು ಹೇಳಬಹುದೆಂದು ಆ ಮಗುವಿಗೆ ಹೊಳೆಯಲೇ ಇಲ್ಲ. "ಓಕೆ, ಅಜ್ಜಾ," ಎಂದು ರಬ್ಬರು ತೆಗೆದುಕೊಂಡಳು. ಮಾಸ್ತರು ತೃಪ್ತಿಯಿಂದ ಚಹಾ ಕುಡಿದರು.

ಫಲಿತಾಂಶ ಬಂದ ಸಂಜೆ ಆರತಿ ಲ್ಯಾಪ್‌ಟಾಪು ತೆರೆದು ಊಟದ ಮೇಜಿನ ಮುಂದೆ ಕೂತಿದ್ದಳು. ಕ್ಲಾಸು ಸಿಕ್ಕಿರಲಿಲ್ಲ. "ಬರೀ ಎಕ್ಸ್‌ಪೋನೆಂಟ್ಸ್‌ದಾಗ ಹೋಗ್ಯದ, ತನ್ವಿ. ಒಂದೂ ಬಿಡದ ಎಲ್ಲಾ ತಪ್ಪು! ಹಿಂಗ ಯಾರು ಕಲಿಸಿದ್ರು?"

"ನೋಬಡಿ. ಐ ಜಸ್ಟ್ ಗೆಸ್ಡ್."

ಮಾಸ್ತರರ ತಲೆ ಅಂದು ತಿಳಿಯಾಗಿತ್ತು. ಅಂಥ ದಿನಗಳೂ ಬರುತ್ತಿದ್ದವು. ಬಾರದಿದ್ದರೆ ಎಷ್ಟೋ ವಾಸಿಯಿತ್ತು. ಅವರು ಬಗ್ಗಿ ಪರದೆ ನೋಡಿದರು. ಹದಿನಾರರ ಮೈನಸ್ ಅರ್ಧ ಘಾತದ ಎದುರಿಗೆ ಮೈನಸ್ ನಾಲ್ಕು ಎಂದಿತ್ತು. ಅಂಗೈ ತಾನಾಗಿ ಚಾಚಿ ತಿರುವಿತು.

"ಅಯ್ಯ, ನಾಲ್ಕನೇ ಒಂದು ಅಲ್ಲೇನು! ರೊಟ್ಟಿ ಹೊಳ್ಳಿಸೇ ಇಲ್ಲ ನೀ! ಯಾವ ಮೂರ್ಖ ಮಾಸ್ತರ ಕಲಿಸಿದಾ ನಿನಗ ಇದನ್ನ? ಕರಿ ಅವನ್ನ ಇಲ್ಲಿ, ಕಿವಿ ಹಿಂಡತೀನಿ."

ತನ್ವಿ ತಲೆ ತಗ್ಗಿಸಿದಳು. "ಯಾರೂ ಇಲ್ಲ ಅಜ್ಜಾ. ನಂದೇ ತಪ್ಪು." ಯಾವತ್ತೂ ಇಂಗ್ಲಿಷಿನಲ್ಲಿ ಉತ್ತರಿಸುವವಳು ಅದನ್ನು ಕನ್ನಡದಲ್ಲಿ ಹೇಳಿದಳು.

ಮಾಸ್ತರರ ಕೈ ಗಾಳಿಯಲ್ಲೇ ನಿಂತಿತು. ಜೀವಮಾನವಿಡೀ ಮಕ್ಕಳ ಮುಖ ನೋಡಿದವರು. ತನ್ನನ್ನು ಉಳಿಸಿಕೊಳ್ಳಲು ಸುಳ್ಳು ಹೇಳುವ ಮಗುವಿನ ಕಣ್ಣು ಅತ್ತಿತ್ತ ಓಡಾಡುತ್ತದೆ. ಇನ್ನೊಬ್ಬರನ್ನು ಉಳಿಸುವ ಮಗು ನೆಲ ಬಿಟ್ಟು ಬೇರೆ ನೋಡುವುದಿಲ್ಲ. ಈ ಮನೆಯಲ್ಲಿ ಅವಳು ಉಳಿಸಬೇಕಾದ ಮಾಸ್ತರ ಒಬ್ಬನೇ ಇದ್ದ.

"ನಾನಾ?" ಎಂದು ಕೇಳಿದರು.

ಆರತಿ ಲ್ಯಾಪ್‌ಟಾಪು ಮುಚ್ಚಿದಳು. ಮಾಸ್ತರಿಗೆ ನಾಚಿಕೆಗಿಂತ ಭಯ ಹೆಚ್ಚಾಯಿತು. ಹೇಳಿಕೊಟ್ಟದ್ದು ನೆನಪಿದ್ದರೆ ಕ್ಷಮೆಯನ್ನಾದರೂ ಕೇಳಬಹುದಿತ್ತು. ಅವರಿಗೆ ಆ ದಿನವೇ ನೆನಪಿರಲಿಲ್ಲ.

ಮುಂದಿನ ವಾರ ತನ್ವಿ ಟ್ಯೂಷನ್ ಸೆಂಟರಿಗೆ ಸೇರಿದಳು. ಈ ಸಲ ಮಾಸ್ತರು ತಡೆಯಲಿಲ್ಲ. ಅಲ್ಲಿಂದ ಬಂದವಳು ಎಂದಿನಂತೆ ಬ್ಯಾಗು ಬಿಸಾಕಿ, ಪಕ್ಕದಲ್ಲಿ ಕೂತು, ಎಲ್ಲ ಉತ್ತರ ಬರೆದಾಗಿದ್ದ ಹಾಳೆಯನ್ನು ಮುಂದಿಟ್ಟಳು. "ಚೆಕ್ ಮಾಡ್ತೀಯಾ ಅಜ್ಜಾ?"

ಅದು ಕರುಣೆ ಎಂದು ತಿಳಿಯುವಷ್ಟು ಬುದ್ಧಿ ಅವರಲ್ಲಿ ಇನ್ನೂ ಉಳಿದಿತ್ತು. ಕೆಂಪು ಪೆನ್ನು ತೆಗೆದುಕೊಂಡರು. ಒಂಬತ್ತು, ಅದರ ತಲೆಯ ಮೇಲೆ ಮೈನಸ್ ಅರ್ಧ, ಎದುರಿಗೆ ಮೂರನೇ ಒಂದು. ಇದನ್ನು ಏನೋ ಮಾಡಬೇಕಿತ್ತು. ಅಂಗೈ ಚಾಚಿ ನೋಡಿಕೊಂಡರು. ಯಾಕೆ ಚಾಚಿದೆ ಎಂದು ತಿಳಿಯಲಿಲ್ಲ.

ಮೇಲಿನಿಂದ ಕೆಳಗಿನವರೆಗೂ ಸರಿ ಗುರುತು ಹಾಕುತ್ತ ಹೋದರು.

"ಎಲ್ಲಾ ಕರೆಕ್ಟಾ ಅಜ್ಜಾ?"

"ಎಲ್ಲಾ ಸರಿ ಅದಾವ ಯವ್ವಾ," ಎಂದು ಮಾಸ್ತರು ಉಳಿದ ಒಂದನ್ನೂ ಓದದೆ ಹಾಳೆ ಹಿಂದಿರುಗಿಸಿದರು.